ಹಳೆಯ ಟೇಪು, ಡಿಸ್ಕುಗಳ ಆರಂಭದ ಲೋಗೊಗಳು: ಕಾಲ ಗುರುತಿಸುವುದು, ಕೆಡದಂತೆ ಇಳಿಸಿಕೊಳ್ಳುವುದು

ಕೇಳಿದ್ದು

ವಿಎಚ್‌ಎಸ್ ಟೇಪು, ಡಿವಿಡಿ, ಬ್ಲೂ-ರೇಗಳ ಆರಂಭದಲ್ಲಿ ಬರುವ ಚಲಿಸುವ ಲೋಗೊಗಳನ್ನು ಕಾಲಕ್ರಮದಲ್ಲಿ ಜೋಡಿಸುವ ಕೆಲಸ ಹಿಡಿದಿದ್ದೇನೆ. ಮೂರು ಕಡೆ ತೊಡಕಾಗಿದೆ. ಲೋಗೊ ಯಾವ ತಂತ್ರದಲ್ಲಿ ತಯಾರಾಗಿದೆ ಅಂತ ನೋಡಿದ ಕೂಡಲೇ ಹೇಳುವುದು ಹೇಗೆ? ಪೆಟ್ಟಿಗೆಯ ಮೇಲಿನ ಇಸವಿಯನ್ನು ನಂಬಬಹುದೇ? ಟೇಪಿನಿಂದ ಇಳಿಸಿಕೊಂಡಾಗ ಸಿನಿಮಾ ನೀಟಾಗಿ ಬರುತ್ತದೆ, ಲೋಗೊದ ಅಂಚು ಮಾತ್ರ ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಳ್ಳುತ್ತದೆ, ಚಲನೆಯೂ ತಡವರಿಸುತ್ತದೆ. ಯಾಕೆ? ಅನುಭವ ಇರುವವರು ತಿಳಿಸಿ.

ಉತ್ತರ 1

ಪೆಟ್ಟಿಗೆಯ ಇಸವಿಯನ್ನು ನಂಬಬೇಡಿ ಸರ್. ಅಲ್ಲಿ ಅಚ್ಚಾಗಿರುವುದು ಬಹಳ ಸಲ ಚಿತ್ರದ ಹಕ್ಕಿನ ಇಸವಿ, ಇಲ್ಲವೇ ಹೊರಕವಚದ ವಿನ್ಯಾಸದ್ದು. ಲೋಗೊ ಸೇರಿರುವುದು ಚಿತ್ರಕ್ಕಲ್ಲ, ಆ ಆವೃತ್ತಿಗೆ. ಮರುಬಿಡುಗಡೆಯಲ್ಲಿ ಹಳೆಯದನ್ನು ಕತ್ತರಿಸಿ ಹೊಸದನ್ನು ಅಂಟಿಸುವುದು ಮಾಮೂಲು. ಲೋಗೊ ಹವ್ಯಾಸಿಗಳು ಇದನ್ನು ‘ಪ್ಲಾಸ್ಟರಿಂಗ್’ ಅಂತಲೇ ಕರೆಯುತ್ತಾರೆ. ಉಲ್ಟಾ ಕೂಡ ಆಗುತ್ತದೆ: ಹಳೆಯ ಮಾಸ್ಟರ್‌ನಿಂದಲೇ ವರ್ಷಗಟ್ಟಲೆ ನಕಲು ತೆಗೆದಿದ್ದರೆ, ಕಂಪನಿ ಹೊಸ ಲೋಗೊಗೆ ಬದಲಾದ ಮೇಲೂ ಟೇಪಿನಲ್ಲಿ ಹಳೆಯದೇ ಉಳಿದಿರುತ್ತದೆ.

ನಂಬಬಹುದಾದದ್ದು ಕಂಪನಿಯ ಹೆಸರು ಮತ್ತು ಅದರ ಕೆಳಗಿನ ಸಣ್ಣಕ್ಷರದ ಒಡೆತನದ ಸಾಲು. ಮ್ಯಾಗ್ನೆಟಿಕ್ ವಿಡಿಯೊ ಕಾರ್ಪೊರೇಷನ್ 1977ರಲ್ಲಿ ಫಾಕ್ಸ್ ಸ್ಟುಡಿಯೊದಿಂದ 50 ಚಿತ್ರಗಳ ಹಕ್ಕು ಪಡೆದು ಟೇಪು ಮಾರತೊಡಗಿತು. ಮುಂದೆ ಫಾಕ್ಸ್ ಅದನ್ನೇ ಕೊಂಡಿತು, 1982ರಲ್ಲಿ ಸಿಬಿಎಸ್/ಫಾಕ್ಸ್ ವಿಡಿಯೊ ಬಂತು. ಆರ್‌ಸಿಎ/ಕೊಲಂಬಿಯಾ ಪಿಕ್ಚರ್ಸ್ ಹೋಂ ವಿಡಿಯೊ ಎಂಬ ಹೆಸರು 1991ಕ್ಕೆ ಮುಗಿದು ಕೊಲಂಬಿಯಾ ಟ್ರೈಸ್ಟಾರ್ ಹೋಂ ವಿಡಿಯೊ ಆಯಿತು. ಪ್ಯಾರಾಮೌಂಟ್ ಪರ್ವತದ ಕೆಳಗೆ ಗಲ್ಫ್+ವೆಸ್ಟರ್ನ್ ಹೆಸರಿದ್ದರೆ ಆ ಲೋಗೊ 1989ಕ್ಕಿಂತ ಮುಂಚಿನದು, ಯಾಕೆಂದರೆ ಆ ವರ್ಷ ಮಾತೃಸಂಸ್ಥೆಯ ಹೆಸರೇ ಬದಲಾಯಿತು. ವಾರ್ನರ್ ಕೆಳಗೆ ‘ಟೈಮ್ ವಾರ್ನರ್’ ಅಂತ ಕಂಡರೆ 1990ರ ವಿಲೀನದ ಈಚಿನದು. ವಿಎಚ್‌ಎಸ್‌ನಲ್ಲಿ ಈ ಸಾಲು ಮಸುಕಾಗಿ ಓದಲಾಗದಿದ್ದರೆ ಒಂದೇ ಫ್ರೇಮನ್ನು ದಿಟ್ಟಿಸಬೇಡಿ. ಲೋಗೊ ನಿಶ್ಚಲವಾಗಿ ನಿಂತ ಹೊತ್ತಿನ ಹದಿನೈದು ಇಪ್ಪತ್ತು ಫ್ರೇಮುಗಳ ಸರಾಸರಿ ತೆಗೆಯಿರಿ. ಗದ್ದಲ, ಅಂದರೆ ಚಿತ್ರದ ಮೇಲೆ ಮಿಣುಕುವ ಚುಕ್ಕಿಗಳು, ಒಂದೊಂದು ಫ್ರೇಮಿನಲ್ಲಿ ಒಂದೊಂದು ಥರ ಇರುತ್ತದೆ, ಅಕ್ಷರ ಅಲ್ಲೇ ಇರುತ್ತದೆ. ಸರಾಸರಿಯಲ್ಲಿ ಗದ್ದಲ ಕರಗಿ ಅಕ್ಷರ ಎದ್ದು ಬರುತ್ತದೆ.

ಟೇಪೇ ಕೊಡುವ ಸುಳಿವು ಇನ್ನೆರಡು. ವಿಎಚ್‌ಎಸ್‌ನಲ್ಲಿ ಹೈ-ಫೈ ಧ್ವನಿ ಇದ್ದರೆ ಅದು ಸುಮಾರು 1984ಕ್ಕಿಂತ ಹಳೆಯದಾಗಲಾರದು. ಮ್ಯಾಕ್ರೊವಿಷನ್ ನಕಲು-ತಡೆ ಬಂದದ್ದು 1985ರಲ್ಲಿ. ಅದಿದ್ದರೆ ಇಳಿಸಿಕೊಂಡ ಚಿತ್ರದ ಬೆಳಕು ಏರಿಳಿಯುತ್ತದೆ. ಅದನ್ನು ಲೋಗೊದ್ದೇ ಮಿನುಗು ಅಂದುಕೊಂಡು ಪಟ್ಟಿಯಲ್ಲಿ ಬರೆದುಬಿಡುವವರಿದ್ದಾರೆ, ಹುಷಾರು.

ಉತ್ತರ 2

ತಂತ್ರದ ಬಗ್ಗೆ ನಾನು ಹೇಳ್ತೀನಿ. ಧ್ವನಿ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತಾ ಮೂರನ್ನು ನೋಡಿ: ಅಕ್ಷರದ ಅಂಚು, ಹಿಂದೆ ಎಳೆದ ಬೆಳಕಿನ ಬಾಲ, ತಿರುಗುವಾಗ ವಸ್ತುವಿಗೆ ದಪ್ಪ ಇದೆಯೇ ಇಲ್ಲವೇ.

ಬಾಲ ಎಲ್ಲೂ ಕಡಿಯದೆ, ಮೆಟ್ಟಿಲಾಗದೆ ನಯವಾಗಿ ಆಳಕ್ಕೆ ಹೋಗಿದ್ದರೆ ಅದು ಸ್ಲಿಟ್-ಸ್ಕ್ಯಾನ್ ಅಥವಾ ಅದರ ಬಳಗದ್ದು. ಡಗ್ಲಸ್ ಟ್ರಂಬುಲ್ 1968ರಲ್ಲಿ ದೊಡ್ಡ ತೆರೆಯ ಮೇಲೆ ತೋರಿಸಿ ಹೆಸರಾದ ತಂತ್ರವಿದು. ಕಪ್ಪು ಹಾಳೆಯಲ್ಲಿ ಅಕ್ಷರ ಮಾತ್ರ ಪಾರದರ್ಶಕ, ಹಿಂದಿನಿಂದ ಬೆಳಕು. ಶಟರ್ ತೆರೆದಿರುವಾಗಲೇ ಕ್ಯಾಮೆರಾ ಸರಿಯುತ್ತದೆ, ಒಂದು ಫ್ರೇಮಿನಲ್ಲೇ ಪೂರ್ತಿ ಬಾಲ ಬೀಳುತ್ತದೆ. ಬಣ್ಣ, ಹೊಳಪು, ನಕ್ಷತ್ರ ಎಲ್ಲಕ್ಕೂ ಅದೇ ಫಿಲ್ಮನ್ನು ಹಿಂದೆ ಸುತ್ತಿ ಮತ್ತೆ ಮತ್ತೆ ಬೆಳಕು ಕೊಡಬೇಕು. ಎರಡು ಸುತ್ತುಗಳ ನಡುವೆ ಫಿಲ್ಮ್ ಕೂದಲೆಳೆಯಷ್ಟು ಸರಿದರೂ ಅಕ್ಷರ ಒಂದು ಕಡೆ, ಅದರ ಹೊಳಪು ಇನ್ನೊಂದು ಕಡೆ ನಡುಗುತ್ತದೆ. ಫಿಲ್ಮಿನ ಕಾಳಿನ ಜೊತೆಗೆ ಈ ನಡುಕವೂ ಕಂಡರೆ ಅನುಮಾನವೇ ಬೇಡ.

ಸ್ಕ್ಯಾನಿಮೇಟ್ ಬೇರೆ ಜಾತಿ. ಲೀ ಹ್ಯಾರಿಸನ್ ರೂಪಿಸಿದ ಅನಲಾಗ್ ಯಂತ್ರ. ಕಲಾಕೃತಿಯನ್ನು ಕ್ಯಾಮೆರಾ ಓದಿ ಒಂದು ಚಿತ್ರನಳಿಕೆಯ ಮೇಲೆ ಮೂಡಿಸುತ್ತದೆ. ಆ ನಳಿಕೆಯ ಕಿರಣವನ್ನು ಅಡ್ಡ-ಉದ್ದ ಎಳೆಯುವ ವೋಲ್ಟೇಜುಗಳನ್ನು ಆಸಿಲೇಟರುಗಳಿಂದ ಕೆಣಕಿದರೆ ಅಕ್ಷರ ಹಿಗ್ಗುತ್ತದೆ, ಅಲೆಯಾಗುತ್ತದೆ, ಸುರುಳಿಯಾಗುತ್ತದೆ. ಅದನ್ನೇ ಇನ್ನೊಂದು ಕ್ಯಾಮೆರಾ ಸೆರೆಹಿಡಿಯುತ್ತದೆ. ಬೂದು ಮಟ್ಟಗಳನ್ನು ಬೇರ್ಪಡಿಸಿ ಒಂದೊಂದಕ್ಕೂ ಬಣ್ಣ ತುಂಬುವುದು ಆಮೇಲೆ, ಹಾಗಾಗಿ ಬಣ್ಣ ಚಪ್ಪಟೆಯಾಗಿರುತ್ತದೆ. ಅಕ್ಷರ ತೆರೆತುಂಬ ಹಿಗ್ಗುವ ಗಳಿಗೆಯಲ್ಲಿ ನಿಲ್ಲಿಸಿ ನೋಡಿ: ಒಳಗಿನ ಗೆರೆಗಳು ಒಂದರಿಂದೊಂದು ದೂರ ಸರಿದಿರುತ್ತವೆ, ಬೆಳಕೂ ಇಳಿದಿರುತ್ತದೆ, ಯಾಕೆಂದರೆ ಅದೇ ಕಿರಣ ಹೆಚ್ಚು ಜಾಗಕ್ಕೆ ಹಂಚಿಹೋಗಿದೆ. ಕುಗ್ಗಿದಾಗ ಕಣ್ಣು ಕುಕ್ಕುವಷ್ಟು ಹೊಳೆಯುತ್ತದೆ. ಬೇರೆ ಯಾವ ತಂತ್ರದಲ್ಲೂ ಇದು ತಾನಾಗಿ ಆಗುವುದಿಲ್ಲ.

ಇಡೀ ಚಿತ್ರವೇ ಹಾಳೆಯಂತೆ ಮಗುಚಿ, ಅಂಚಿಗೆ ತಿರುಗಿದಾಗ ದಪ್ಪವೇ ಇಲ್ಲದ ಗೆರೆಯಾದರೆ ಅದು ಡಿಜಿಟಲ್ ಎಫೆಕ್ಟ್ ಪೆಟ್ಟಿಗೆ. ಆಂಪೆಕ್ಸ್‌ನ ಎಡಿಒ ಇಂಥದ್ದು. ಕ್ವಾಂಟೆಲ್‌ನ ಮಿರಾಜ್ ಬಂದ ಮೇಲೆ ಚಿತ್ರವನ್ನು ಗೋಳಕ್ಕೆ, ಕೊಳವೆಗೆ ಸುತ್ತುವುದೂ ಸಾಧ್ಯವಾಯಿತು. ಓರೆ ಅಂಚಿನಲ್ಲಿ ಮೆಟ್ಟಿಲು ಕಾಣುತ್ತದೆ.

ದಪ್ಪ ಇದೆ, ಬದಿ ಇದೆ, ಲೋಹದ ಮೇಲೆ ದಿಗಂತದ ಪ್ರತಿಬಿಂಬ ಜಾರುತ್ತಿದೆ ಅಂದರೆ ಕಂಪ್ಯೂಟರ್ ಗ್ರಾಫಿಕ್ಸ್, ಅಂದರೆ 90ರ ದಶಕ.

ಉತ್ತರ 3

ಮೇಲಿನವರ ಕೊನೆಯ ಸಾಲಿಗೆ ಮಾತ್ರ ನನ್ನ ತಕರಾರು. ಲೋಹದ ಹಾರುವ ಅಕ್ಷರಗಳು 80ರ ದಶಕದ ಮೊದಲರ್ಧದಲ್ಲೇ ಟಿವಿಯಲ್ಲಿ ಓಡಾಡುತ್ತಿದ್ದವು. ನೋಡಬೇಕಾದ್ದು ಚಲನೆಯ ಮಸುಕು. ಆರಂಭದ ಗ್ರಾಫಿಕ್ಸ್‌ನಲ್ಲಿ ವೇಗವಾಗಿ ಹೋಗುವ ಅಕ್ಷರವೂ ಪ್ರತಿ ಫ್ರೇಮಿನಲ್ಲಿ ಚೂಪಾಗಿಯೇ ಇರುತ್ತದೆ. ಓಡಿಸಿದಾಗ ಕುಪ್ಪಳಿಸಿದಂತೆ ಕಾಣುತ್ತದೆ. ಮಸುಕು, ಲೆನ್ಸ್ ಮಿಂಚು, ಮೋಡದ ಪದರ ಎಲ್ಲ ಒಟ್ಟಿಗೆ ಬಂದರೆ ಆಗ 90ರ ದಶಕ ಅನ್ನಿ.

ಕೈಚಿತ್ರ ಮತ್ತು ಕಂಪ್ಯೂಟರ್ ಬೆರೆತವೂ ಇವೆ. ಪ್ಯಾರಾಮೌಂಟ್‌ನ 75ನೇ ವರ್ಷದ ಹೊತ್ತಿಗೆ ಬಂದ ಲೋಗೊದಲ್ಲಿ ಪರ್ವತ ಚಿತ್ರಿಸಿದ್ದು, ಸುತ್ತುವ ನಕ್ಷತ್ರಗಳು ಕಂಪ್ಯೂಟರಿನವು. ಕೊಲಂಬಿಯಾದ 1993ರ ದೀಪಧಾರಿಣಿ ಮೈಕೆಲ್ ಡೀಸ್ ಬರೆದ ತೈಲಚಿತ್ರ. ಅದಕ್ಕೆ ಚಲನೆ ಕೊಟ್ಟದ್ದು ಕ್ಲೈಸರ್-ವಾಲ್ಚಾಕ್ ಸಂಸ್ಥೆ. ಡಿಸ್ನಿ ಕೋಟೆ ಚಿತ್ರಗಳ ಮುಂದೆ ಬಂದದ್ದು 1985ರಲ್ಲಿ, ಕಂಪ್ಯೂಟರಿನಲ್ಲಿ ಕಟ್ಟಿದ ಕೋಟೆ 1995ರ ಪಿಕ್ಸಾರ್ ಚಿತ್ರದ ಮುಂದೆ. ಆದರೆ ಇವೆಲ್ಲ ಥಿಯೇಟರ್ ಲೋಗೊಗಳು. ಟೇಪಿನ ಮೊದಲಿಗೆ ಬರುವ ಹೋಂ ವಿಡಿಯೊ ವಿಭಾಗದ ಲೋಗೊಗೆ ಬೇರೆಯೇ ಕಾಲರೇಖೆ ಇರುತ್ತದೆ. ಪಟ್ಟಿಯಲ್ಲಿ ಎರಡಕ್ಕೂ ಎರಡು ಕಾಲಂ ಇಡಿ, ಇಲ್ಲದಿದ್ದರೆ ಎಲ್ಲ ಕಲಸುಮೇಲೋಗರ.

ಉತ್ತರ 4

ಬಾಚಣಿಗೆ ಹಲ್ಲಿನ ವಿಚಾರ. ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಟೇಪು ಅಂದುಕೊಂಡು ಹೇಳುತ್ತೇನೆ. ಸಿನಿಮಾ ಹುಟ್ಟಿದ್ದು ಸೆಕೆಂಡಿಗೆ 24 ಫ್ರೇಮಿನ ಫಿಲ್ಮಿನಲ್ಲಿ. ಟೇಪಿನ ಒಂದು ಫ್ರೇಮ್ ಅಂದರೆ ಸಮ ಗೆರೆಗಳದ್ದೊಂದು, ಬೆಸ ಗೆರೆಗಳದ್ದೊಂದು ಅರ್ಧಚಿತ್ರ; ಆ ಅರ್ಧಚಿತ್ರವೇ ಫೀಲ್ಡ್. ಟೇಪಿಗೆ ಬಂದಾಗ ಫಿಲ್ಮಿನ ಒಂದು ಫ್ರೇಮಿಗೆ ಎರಡು ಫೀಲ್ಡ್, ಮುಂದಿನದಕ್ಕೆ ಮೂರು ಫೀಲ್ಡ್ ಹೀಗೆ ಹಂಚಿರುತ್ತಾರೆ. ಟೇಪಿನ ಐದು ಫ್ರೇಮಿಗೆ ಮೂರು ಶುಭ್ರ, ಎರಡು ಹಲ್ಲು. ನಿಮ್ಮ ಸಾಫ್ಟ್‌ವೇರ್ ಈ ಲಯ ಹಿಡಿದು 24ಕ್ಕೆ ಮರಳಿಸುತ್ತದೆ, ಸಿನಿಮಾ ನೀಟಾಗಿ ಬರುತ್ತದೆ. ಲೋಗೊ ಆ ಲಯದಲ್ಲಿ ಇಲ್ಲದೇ ಇರಬಹುದು. ವಿಡಿಯೊದಲ್ಲೇ ಹುಟ್ಟಿದ ಲೋಗೊದಲ್ಲಿ ಸೆಕೆಂಡಿನ ಸುಮಾರು 60 ಫೀಲ್ಡುಗಳಲ್ಲಿ ಒಂದೊಂದೂ ಹೊಸ ಸ್ಥಾನ. ಚಲಿಸುವ ಪ್ರತಿ ಫ್ರೇಮಿನಲ್ಲೂ ಹಲ್ಲು. ಅದನ್ನು 24ಕ್ಕೆ ತಳ್ಳಿದರೆ ಐದರಲ್ಲೊಂದು ಫ್ರೇಮ್ ಎಸೆದುಹೋಗುತ್ತದೆ. ನೀವು ಹೇಳಿದ ತಡವರಿಕೆ ಅದೇ.

ಮೂರನೆಯ ಬಗೆಯೂ ಇದೆ. ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮ್ ಕಟ್ಟಿ ಟೇಪಿಗೆ ಇಳಿಸಿದ್ದರೆ ಹಲ್ಲೇ ಇರುವುದಿಲ್ಲ, ಸೆಕೆಂಡಿಗೆ 30 ಬೇರೆ ಬೇರೆ ಫ್ರೇಮ್. ತೀರಾ ತಲೆನೋವಿನದು ಮಿಶ್ರ ತಳಿ: ಹಿನ್ನೆಲೆಯ ಬೆಳಕು ಫಿಲ್ಮಿನದು, ಮೇಲೆ ಕೂಡಿಸಿದ ಅಕ್ಷರ ವಿಡಿಯೊದ್ದು. ಹಿನ್ನೆಲೆ ಮೂರು-ಎರಡರ ಲಯದಲ್ಲಿ, ಅಕ್ಷರ ಫೀಲ್ಡ್ ಲಯದಲ್ಲಿ. ಒಂದಕ್ಕೆ ಸರಿಮಾಡಿದರೆ ಇನ್ನೊಂದು ಸೀಳುತ್ತದೆ.

ಆದ್ದರಿಂದ ಲೋಗೊ ಭಾಗವನ್ನು ಮೊದಲೇ ಕತ್ತರಿಸಿ ಬೇರೆ ಫೈಲ್ ಮಾಡಿ. ಫೀಲ್ಡ್ ಬೇರ್ಪಡಿಸಿ ಎಣಿಸಿ: ಪ್ರತಿ ಫೀಲ್ಡೂ ಹೊಸದೇ, ಎರಡೆರಡು ಒಂದೇ ಥರವೇ, ಎರಡು-ಮೂರರ ಲಯವೇ. ವಿಡಿಯೊದ್ದಕ್ಕೂ ಮಿಶ್ರ ತಳಿಗೂ ಕ್ಯೂಟಿಜಿಎಂಸಿ (ಫೀಲ್ಡುಗಳನ್ನು ಫ್ರೇಮುಗಳಾಗಿ ಬಿಡಿಸುವ ಫಿಲ್ಟರ್) ಬಳಸಿ ಸೆಕೆಂಡಿಗೆ 59.94 ಫ್ರೇಮಿಗೆ ಬಿಡಿಸಿ, ಫಿಲ್ಮಿನದಕ್ಕೆ ಮಾತ್ರ ಟಿಐವಿಟಿಸಿ (24ಕ್ಕೆ ಮರಳಿಸುವ ಫಿಲ್ಟರ್). ಫೀಲ್ಡ್ ಕ್ರಮ ತಪ್ಪಿದ್ದರೆ ಅಕ್ಷರ ಎರಡು ಹೆಜ್ಜೆ ಮುಂದೆ, ಒಂದು ಹಿಂದೆ ಅನ್ನುವಂತೆ ನಡೆಯುತ್ತದೆ. ಡಿವಿ ಫೈಲಿನಲ್ಲಿ ಕೆಳಗಿನ ಫೀಲ್ಡ್ ಮೊದಲು; ಬೇರೆ ಕ್ಯಾಪ್ಚರ್ ಕಾರ್ಡುಗಳಲ್ಲಿ ಬಹುಮಟ್ಟಿಗೆ ಮೇಲಿನದು ಮೊದಲು.

ಇಳಿಸುವಾಗಲೇ ವಿವರ ಕಳೆಯುವಂತೆ ಫೈಲ್ ಕುಗ್ಗಿಸಬೇಡಿ. 720×480 ಅಳತೆ, 4:2:2 ಬಣ್ಣ, ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 (ವಿವರ ಕಳೆಯದೆ ಉಳಿಸುವ ಕೋಡೆಕ್‌ಗಳು), ಧ್ವನಿ 48 ಕಿಲೊಹರ್ಟ್ಜ್. ಏನೂ ಕುಗ್ಗಿಸದಿದ್ದರೂ ಸೆಕೆಂಡಿಗೆ ಸುಮಾರು 20 ಎಂಬಿ. ಎರಡು ನಿಮಿಷದ ತುಣುಕಿಗೆ ಎರಡೂವರೆ ಜಿಬಿ. ಲೋಗೊಗೆ ಅಷ್ಟು ಕೊಡಲು ಕಂಜೂಸಿ ಯಾಕೆ?

ಉತ್ತರ 5

ಅದಕ್ಕೂ ಮುಂಚೆ ಟೇಪು ಬದುಕಬೇಕಲ್ಲ. ಎನ್‌ಟಿಎಸ್‌ಸಿ ವಿಎಚ್‌ಎಸ್ ಮಾಮೂಲು ವೇಗದಲ್ಲಿ ಸೆಕೆಂಡಿಗೆ 33.35 ಮಿಮೀ ಓಡುತ್ತದೆ, ಅಂದರೆ 30 ಸೆಕೆಂಡಿಗೆ ಸರಿಯಾಗಿ ಒಂದು ಮೀಟರ್. ಲೋಗೊ ಇರುವುದು ಆ ಮೊದಲ ಒಂದೆರಡು ಮೀಟರಿನಲ್ಲೇ. ಕ್ಯಾಸೆಟ್ ಹಾಕಿದಾಗಲೆಲ್ಲ ಯಂತ್ರ ಹೊರಗೆಳೆದು ಡ್ರಮ್ಮಿಗೆ ಸುತ್ತುವುದು ಇದೇ ಭಾಗವನ್ನು, ಹಿಂದೆ ಸುತ್ತಿ ಮುಗಿದಾಗ ಜಗ್ಗು ಬೀಳುವುದೂ ಇಲ್ಲೇ. ಸುಕ್ಕು, ಬಿಳಿ ಗೀಚು ಇಲ್ಲಿ ಜಾಸ್ತಿ ಇರುವುದು ಅದಕ್ಕೇ.

ಮೊದಲು ಟೇಪನ್ನು ಕಣ್ಣಿನಿಂದ ಪರೀಕ್ಷಿಸಿ, ಆಮೇಲೆ ಒಂದು ಸಲ ಕೊನೆಯವರೆಗೆ ಮುಂದೆ ಸುತ್ತಿ, ಪೂರ್ತಿ ಹಿಂದೆ ಸುತ್ತಿ. ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ. ಹೆಡ್‌ಗೆ ಹತ್ತಿ ಮುಂದಿನ ಟೇಪಿಗೂ ದಾಟುತ್ತದೆ. ಆಮೇಲೆ ಎರಡು ಮೂರು ನಿಮಿಷ ಓಡಲು ಬಿಟ್ಟು ಟ್ರ್ಯಾಕಿಂಗ್ (ಹೆಡ್ ಟೇಪಿನ ಗೆರೆಗಳ ಮೇಲೆ ಸರಿಯಾಗಿ ಕೂರುವುದು) ಕೈಯಿಂದ ಸರಿಪಡಿಸಿ, ತಾನೇ ಸರಿಹೊಂದಿಸುವ ಆಯ್ಕೆಯನ್ನು ಆಫ್ ಮಾಡಿ, ಹಿಂದೆ ಸುತ್ತಿ. ಕ್ಯಾಪ್ಚರ್ ಮೊದಲು ಶುರು ಮಾಡಿ, ಪ್ಲೇ ಆಮೇಲೆ ಒತ್ತಿ. ಹೀಗೆ ಮಾಡದಿದ್ದರೆ ಯಂತ್ರ ಟ್ರ್ಯಾಕಿಂಗ್ ಹುಡುಕುವ ಆ ಕೆಲವು ಸೆಕೆಂಡುಗಳಲ್ಲೇ ಲೋಗೊ ಮುಗಿದಿರುತ್ತದೆ. ಲೋಗೊ ಮೇಲೆ ಪಾಸ್ ಒತ್ತಿ ಇಡಬೇಡಿ: ಡ್ರಮ್ ನಿಮಿಷಕ್ಕೆ 1800 ಸುತ್ತು ತಿರುಗುತ್ತಾ ಅದೇ ಜಾಗವನ್ನು ಉಜ್ಜುತ್ತದೆ. ಫ್ರೇಮ್ ನೋಡುವುದೇನಿದ್ದರೂ ಫೈಲಿನಲ್ಲಿ ನೋಡಿ. ಎಸ್-ವಿಡಿಯೊ ಹೊರದಾರಿ ಮತ್ತು ಒಳಗೇ ಟಿಬಿಸಿ (ಗೆರೆಗಳ ಸಮಯದ ತಪ್ಪು ಸರಿಪಡಿಸುವ ಸರ್ಕ್ಯೂಟ್) ಇರುವ ವಿಸಿಆರ್ ಆದರೆ ಅಕ್ಷರದ ನಿಂತ ಗೆರೆಗಳು ಅಂಕುಡೊಂಕಾಗುವುದಿಲ್ಲ.

ಕೆಂಪು ಅಕ್ಷರ ಹರಡಿಕೊಂಡಿದ್ದರೆ ಕ್ಯಾಪ್ಚರ್ ತಪ್ಪಲ್ಲ. ವಿಎಚ್‌ಎಸ್‌ನಲ್ಲಿ ಬೆಳಕಿನ ವಿವರ ಅಡ್ಡಕ್ಕೆ ಸುಮಾರು 240 ಗೆರೆ. ಬಣ್ಣದ್ದು ಅದರಲ್ಲಿ ಸಣ್ಣ ಪಾಲು.

ಲೇಸರ್‌ಡಿಸ್ಕ್ ಕೈಗೆ ಸಿಕ್ಕರೆ, ಅದರಲ್ಲೂ ಸಿಎವಿ (ಒಂದೇ ವೇಗದಲ್ಲಿ ತಿರುಗುವ, ಸುತ್ತಿಗೊಂದು ಫ್ರೇಮಿನ) ಬಗೆಯದು, ಬಿಡಬೇಡಿ. ಬದಿಗೆ 30 ನಿಮಿಷ, 54,000 ಫ್ರೇಮ್, ಒಂದೊಂದನ್ನೂ ಎಷ್ಟು ಹೊತ್ತು ನಿಲ್ಲಿಸಿಟ್ಟರೂ ಸವೆತ ಇಲ್ಲ.

ಉತ್ತರ 6

ಡಿಸ್ಕುಗಳ ಬಗ್ಗೆ ಯಾರೂ ಹೇಳಿಲ್ಲ. ಡಿಸ್ಕಿನಿಂದ ವಿಡಿಯೊ ಇಳಿಸುವ ಸಾಫ್ಟ್‌ವೇರ್ ಮೇಕ್‌ಎಂಕೆವಿಯಲ್ಲಿ ಲೋಗೊ ಕಾಣುತ್ತಿಲ್ಲ ಅನ್ನುವುದು ಎಲ್ಲರ ದೂರು. ಅದು ಮೊದಲೇ 120 ಸೆಕೆಂಡಿಗಿಂತ ಚಿಕ್ಕ ತುಣುಕುಗಳನ್ನು ಕೈಬಿಡುವಂತೆ ಹೊಂದಿಸಿರುತ್ತದೆ. ಆ ಅಂಕಿ ಇಳಿಸಿ. ಆಗಲೂ ಸಿಗದಿದ್ದರೆ ಲೋಗೊ ಮೆನು ಭಾಗದಲ್ಲಿದೆ ಅಂತ ಅರ್ಥ. ಡಿವಿಡಿ ಹಾಕಿದ ಕೂಡಲೇ ಮೊದಲು ಓಡುವ ತುಣುಕನ್ನು ಬಹಳ ಸಲ ವಿಡಿಯೊ_ಟಿಎಸ್ ಹೆಸರಿನ ವಿಒಬಿ ಫೈಲಿನಲ್ಲೇ (ಡಿವಿಡಿಯ ವಿಡಿಯೊ ಫೈಲ್) ಇಟ್ಟಿರುತ್ತಾರೆ. ಇಡೀ ಫೋಲ್ಡರ್ ನಕಲು ಮಾಡಿ ಆ ಫೈಲನ್ನೇ ತೆರೆಯಿರಿ. ಒಂದೇ ಡಿಸ್ಕಿನಲ್ಲಿ ಈ ತುಣುಕು ಇಂಟರ್‌ಲೇಸ್ ಆಗಿದ್ದು (ಅಂದರೆ ಫೀಲ್ಡುಗಳಲ್ಲಿದ್ದು) ಸಿನಿಮಾ 24ರಲ್ಲಿ ಇರುವುದು ಸಾಮಾನ್ಯ. ಡಿಜಿಇಂಡೆಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಓಡಿಸಿದರೆ ‘ಫಿಲ್ಮ್’ ಎಷ್ಟು ಪಾಲು, ‘ವಿಡಿಯೊ’ ಎಷ್ಟು ಪಾಲು ಅಂತ ತೋರಿಸುತ್ತದೆ.

ಬ್ಲೂ-ರೇಯಲ್ಲಿ ಸ್ಟ್ರೀಮ್ ಫೋಲ್ಡರ್ ತೆರೆದು ಗಾತ್ರದ ಪ್ರಕಾರ ಜೋಡಿಸಿ. 20 ಎಂಬಿಪಿಎಸ್‌ನ 15 ಸೆಕೆಂಡಿನ ಲೋಗೊ 40 ಎಂಬಿಯ ಒಳಗೇ ಇರುತ್ತದೆ, ಸುಲಭವಾಗಿ ಸಿಗುತ್ತದೆ. ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ವಿತರಕರಿದ್ದರೆ ಒಂದೇ ಡಿಸ್ಕಿನಲ್ಲಿ ಎರಡು ಮೂರು ಲೋಗೊ ಅಡಗಿರಬಹುದು. ಪ್ಲೇಯರಿಗೆ ಹಾಕಿ ನೋಡುವವರಿಗೆ ಒಂದೇ ಕಾಣುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂಶಯ. ಒಂದೇ ಲೋಗೊ ಪಾಲ್ (ಯುರೋಪು, ಭಾರತ ಮುಂತಾದ ಕಡೆಯ ಟಿವಿ ಪದ್ಧತಿ) ಟೇಪಿನಲ್ಲಿ ತುಸು ಬೇಗ ಮುಗಿಯುತ್ತದೆ, ಸಂಗೀತವೂ ಏರುದನಿಯಲ್ಲಿದೆ. ಟೇಪು ಹಾಳಾಗಿದೆಯೇ?

ಉತ್ತರ 4

ಹಾಳಾಗಿಲ್ಲ ಸರ್. 24 ಫ್ರೇಮಿನ ಫಿಲ್ಮನ್ನು ಪಾಲ್‌ಗೆ 25ರಲ್ಲಿ ಓಡಿಸಿ ಇಳಿಸುತ್ತಾರೆ. 10 ಸೆಕೆಂಡಿನದು 9.6ಕ್ಕೆ ಮುಗಿಯುತ್ತದೆ, ಶ್ರುತಿ ಅರ್ಧ ಸ್ವರಕ್ಕಿಂತ ಚೂರು ಕಡಿಮೆ ಮೇಲೇರುತ್ತದೆ. ಇದೇ ನಿಮಗೆ ಒಳ್ಳೆಯ ಪರೀಕ್ಷೆ: ಪಾಲ್ ಟೇಪಿನಲ್ಲಿ ಲೋಗೊ 9.6 ಸೆಕೆಂಡ್ ಇದ್ದರೆ ಫಿಲ್ಮಿನಿಂದ ನೇರ ಬಂದಿದೆ. ಪೂರ್ತಿ 10 ಇದ್ದು, ಚಲಿಸುವ ಅಕ್ಷರದ ಪಕ್ಕ ಇನ್ನೊಂದು ಮಬ್ಬು ಅಕ್ಷರ ಕಂಡರೆ ಎನ್‌ಟಿಎಸ್‌ಸಿ ಮಾಸ್ಟರನ್ನು ಪಾಲ್‌ಗೆ ಪರಿವರ್ತಿಸಿದ್ದು. ಆ ಮಬ್ಬು ಎರಡು ಫೀಲ್ಡುಗಳನ್ನು ಬೆರೆಸಿದ್ದರಿಂದ ಆದದ್ದು, ಮತ್ತೆ ಬಿಡಿಸಲು ಬರುವುದಿಲ್ಲ. ಅಂಥ ಲೋಗೊಗೆ ಎನ್‌ಟಿಎಸ್‌ಸಿ ಟೇಪನ್ನೇ ಹುಡುಕಿ, ಪಾಲ್ ಪ್ರತಿಯನ್ನು ಪಟ್ಟಿಯಲ್ಲಿ ‘ಪರಿವರ್ತಿತ’ ಅಂತ ಗುರುತಿಸಿಡಿ.