ಅಶ್ಕೆಲೋನ್‌ನ ಅಜ್ಜಿ ಜೊತೆ ಯುದ್ಧದ ಹೊತ್ತಲ್ಲಿ ಸಂಪರ್ಕ ಇಟ್ಟುಕೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಉಡುಪಿಯಿಂದ):
ಇಸ್ರೇಲಿನ ಅಶ್ಕೆಲೋನ್‌ನಲ್ಲಿ ಒಬ್ಬ ಯಹೂದಿ ಅಜ್ಜಿಯ ಮನೆಯಲ್ಲಿ ಆರೈಕೆ ಕೆಲಸ ಮಾಡಿ ಊರಿಗೆ ಬಂದವಳು ನಾನು. ಅಜ್ಜಿ, ಅವರ ಮಗಳು, ಕೆಳಗಿನ ಮನೆಯವರು, ಅಜ್ಜಿಯ ಪ್ರಾರ್ಥನಾ ಮಂದಿರ ಸಿನಗಾಗ್‌ನವರು, ಎಲ್ಲರ ಮೇಲೂ ಈಗಲೂ ಜೀವ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ ಮಾಡಿದಾಗಿನಿಂದ ಟಿವಿ ಹಾಕಿದರೆ ಸಂಕಟ. 2025ರ ಜೂನ್‌ನಲ್ಲಿ ಇರಾನ್ ಜೊತೆ 12 ದಿನ ಯುದ್ಧ ನಡೆದಾಗಲಂತೂ, ಅವರು ಫೋನ್ ಎತ್ತದ ರಾತ್ರಿ ನಿದ್ದೆಯೇ ಇರಲಿಲ್ಲ. ಪದೇ ಪದೇ ಫೋನ್ ಮಾಡಿದರೆ ಅವರಿಗೆ ಕಿರಿಕಿರಿಯಾ? ಮಾಡಿದರೂ ಏನು ಮಾತಾಡೋದು?

ಉತ್ತರ (ಮಂಗಳೂರು):
ಅಕ್ಕಾ, ನಾನು ಅಶ್ದೋದ್‌ನಲ್ಲಿ ಇದ್ದವಳು. ಫೋನ್ ಎತ್ತಲಿಲ್ಲ ಅಂದ ಮಾತ್ರಕ್ಕೆ ಏನೋ ಆಯಿತು ಅಂದುಕೊಳ್ಳಬೇಡಿ. ದಾಳಿಯ ಹೊತ್ತಲ್ಲಿ ಮನೆಯೊಳಗೇ ಅಡಗುವ ಮಮಾದ್ ಕೋಣೆ ನಿಮಗೆ ಗೊತ್ತಲ್ವಾ, ಸುತ್ತ ದಪ್ಪ ಕಾಂಕ್ರೀಟ್, ಕಿಟಕಿಗೂ ಕಬ್ಬಿಣ. ಒಳಗೆ ಹೋಗಿ ಬಾಗಿಲು ಹಾಕಿದರೆ ಸಿಗ್ನಲ್ ಎಷ್ಟೋ ಸಲ ಹೋಗಿಬಿಡುತ್ತದೆ. ಹಳೇ ಕಟ್ಟಡದಲ್ಲಿ ಆ ಕೋಣೆಯೂ ಇಲ್ಲ. ಗಾಜಾ ಕಡೆಯಿಂದ ರಾಕೆಟ್ ಬಂದರೆ ನಿಮ್ಮ ಅಶ್ಕೆಲೋನ್‌ಗೆ ಸೈರನ್ ಆದ ಮೇಲೆ ಸಿಗೋದು 30 ಸೆಕೆಂಡು, ನಮಗೆ 45. ಅಷ್ಟರಲ್ಲಿ ವಾಕರ್ ಹಿಡಿದು ನಡೆಯೋ ಅಜ್ಜನನ್ನು ಕೆಳಗಿನ ಸಾಮೂಹಿಕ ಆಶ್ರಯ ತಾಣ ಮಿಕ್ಲಾತ್‌ಗೆ ಇಳಿಸೋದು ಆಗದ ಮಾತು. ಮೆಟ್ಟಿಲ ಹತ್ತಿರ, ಕಿಟಕಿ ಇಲ್ಲದ ಕಡೆ ಕುರ್ಚಿ ಹಾಕಿ ಕೂರಿಸುತ್ತಿದ್ದೆ. ಒಂದು ಕೈ ಅವರ ಹೆಗಲ ಮೇಲೆ. ಸರಿಯಾಗಿ ಆಗಲೇ ಏಪ್ರನ್ ಜೇಬಲ್ಲಿ ಊರಿನ ಫೋನ್ ಬಡಿದುಕೊಳ್ಳುತ್ತಿತ್ತು! ಅಮ್ಮ ಟಿವಿ ನೋಡಿ ಹೆದರಿ ಮಾಡುತ್ತಿದ್ದರು. ಈಗ ನಾನು ಈ ಕಡೆ ಇದ್ದೇನೆ. ಸೈರನ್ ಸುದ್ದಿ ಬಂದ ತಕ್ಷಣ ಕಾಲ್ ಮಾಡುವುದಿಲ್ಲ.

ವಾಯ್ಸ್ ಮೆಸೇಜ್ ಕಳಿಸುತ್ತೇನೆ. ವಯಸ್ಸಾದವರಿಗೆ ಅಕ್ಷರ ಕಾಣೋದಿಲ್ಲ, ದನಿಯನ್ನಾದರೆ ಹತ್ತು ಸಲ ಕೇಳುತ್ತಾರೆ. "ಸವ್ತಾ, ಅನಿ ಖೋಶೆವೆತ್ ಅಲಾಯಿಖ್" ಅಂದರೆ ಸಾಕು, ಅಜ್ಜೀ, ನಿಮ್ಮದೇ ನೆನಪು ಅಂತ ಗೊತ್ತಾಗುತ್ತದೆ. ಆಮೇಲೆ ಯುದ್ಧದ ಮಾತು ಬಿಟ್ಟುಬಿಡಿ. ಮಾತ್ರೆ ತಗೊಂಡ್ರಾ, ಪಕ್ಕದ ಮನೆಯವರ ಬೆಕ್ಕು ಈಗಲೂ ಬರುತ್ತಾ, ಆ ಬದನೆಕಾಯಿ ಸಲಾಡ್‌ಗೆ ತಹೀನಿ ಎಷ್ಟು ಹಾಕಬೇಕು? ದಿನವಿಡೀ ಮಕ್ಕಳು, ಮೊಮ್ಮಕ್ಕಳು "ಹುಷಾರಾಗಿದ್ದೀರಾ" ಅಂತಲೇ ಕೇಳಿ ಅವರಿಗೂ ಸಾಕಾಗಿರುತ್ತದೆ.

ಇನ್ನೊಂದು, ಈಗ ಅಲ್ಲಿ ಆರೈಕೆ ಮಾಡುವ ಮೆತಪೆಲೆತ್‌ನ ನಂಬರ್ ಇಟ್ಟುಕೊಳ್ಳಿ. ನೇಪಾಳದವಳೋ ಫಿಲಿಪೀನ್ಸ್‌ನವಳೋ, ಯಾರಾದರೂ ಸರಿ. ಮಗಳಿಗಿಂತ ಮೊದಲು ಗೊತ್ತಾಗೋದು ಅವಳಿಗೆ. ಅಲರ್ಟ್ ಆ್ಯಪ್ ಹಾಕಿಕೊಂಡರೆ ಅಶ್ಕೆಲೋನ್ ಒಂದನ್ನೇ ಆರಿಸಿ. ಇಡೀ ದೇಶ ಇಟ್ಟರೆ ನಿಮ್ಮ ಮನೆಯವರಿಗೂ ನಿದ್ದೆ ಇರೋದಿಲ್ಲ.

ಉತ್ತರ (ಕುಂದಾಪುರ):
ಶನಿವಾರದ ವಿಷಯ ಯಾರೂ ಹೇಳಲಿಲ್ಲ. ಅಜ್ಜಿ ಯಹೂದಿಗಳ ವಾರದ ವಿಶ್ರಾಂತಿ ದಿನ ಶಬ್ಬಾತ್ ಆಚರಿಸುವವರಾದರೆ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವ ತನಕ ಫೋನ್ ಮುಟ್ಟೋದಿಲ್ಲ. ಅಕ್ಟೋಬರ್ 7 ಕೂಡ ಶನಿವಾರವೇ, ಮೇಲಿಂದ ಸಿಮ್ಹಾತ್ ತೋರಾ ಹಬ್ಬ. ಮಡಿವಂತರ ಫೋನ್‌ಗಳೆಲ್ಲ ಆಫ್. ನಾವಿಲ್ಲಿ ಗಾಬರಿಯಾಗಿದ್ದೇ ಆಗಿದ್ದು. ನಾನು ಶುಕ್ರವಾರ ನಮ್ಮ ಮಧ್ಯಾಹ್ನ ಎರಡೂವರೆಗೆ ಮಾಡುತ್ತೇನೆ, ಅಡುಗೆ ನಡೆದಿರುತ್ತದೆ, "ಶಬ್ಬಾತ್ ಶಾಲೋಮ್" ಹೇಳಿ ಇಟ್ಟುಬಿಡುತ್ತೇನೆ. ಅಲ್ಲಿ ಚಳಿಗಾಲದಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಎರಡೂವರೆ. ಮಾರ್ಚ್ ಕೊನೆಯಲ್ಲೂ ಅಕ್ಟೋಬರ್ ಕೊನೆಯಲ್ಲೂ ಗಡಿಯಾರ ಬದಲಾಗುತ್ತದೆ, ನೋಡಿಕೊಳ್ಳಿ.

ಉತ್ತರ (ಬೆಳಗಾವಿ):
ನನ್ನ ಸ್ನೇಹಿತರು ದಿಮೋನಾದ ಬೆನೆ ಇಸ್ರೇಲ್ ಕುಟುಂಬ, ಕೊಂಕಣದಿಂದ ಹೋದ ಯಹೂದಿಗಳು. ಮನೆಯ ಹಿರಿಯರು ಇನ್ನೂ ಮರಾಠಿ ಮಾತಾಡುತ್ತಾರೆ, ಹಾಗಾಗಿ ನನಗೆ ಸುಲಭ. ನಮ್ಮನ್ನು ಹಿಡಿದಿಟ್ಟಿರೋದು ಹಬ್ಬ. ಗಿಡಮರಗಳ ಹಬ್ಬ ತು ಬಿಶ್ವಾತ್‌ಗೆ ಅವರು ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲಿದಾ ಮಾಡುತ್ತಾರೆ. ಅವಲಕ್ಕಿ, ಬೆಲ್ಲ, ಕಾಯಿತುರಿ, ಜೊತೆಗೆ ಹಣ್ಣು. ಇಲ್ಲಿ ನಮ್ಮವಳೂ ಅದನ್ನೇ ಕಲಸುತ್ತಾಳೆ, ಎರಡೂ ಕಡೆ ಫೋನ್ ಡಬ್ಬಕ್ಕೆ ಒರಗಿಸಿ ಇಟ್ಟಿರುತ್ತೇವೆ. 2025ರ ಜೂನ್ 19ರಂದು ಬೇರ್‌ಶೆಬಾದ ಸೊರೊಕಾ ಆಸ್ಪತ್ರೆಗೆ ಕ್ಷಿಪಣಿ ಬಿತ್ತು. ದಿಮೋನಾದ ಆ ಮನೆಯ ಕಾಕು (ಚಿಕ್ಕಮ್ಮ) ಚೆಕಪ್‌ಗೆ ಹೋಗೋದು ಅಲ್ಲಿಗೇ. ಎಲ್ಲಿ ಬಿತ್ತು, ವಿಡಿಯೊ ಕಳಿಸಿ ಅಂತ ಮಾತ್ರ ಕೇಳಲಿಲ್ಲ. ಬಿದ್ದ ಜಾಗ ಹರಡೋದಕ್ಕೆ ಅಲ್ಲಿ ಸೇನೆಯ ನಿರ್ಬಂಧ ಇದೆ. ಸುಮ್ನೆ ಅವರನ್ನು ಯಾಕೆ ಪೇಚಿಗೆ ಸಿಕ್ಕಿಸಬೇಕು?

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ. ಇನ್ನೊಂದು ಕಷ್ಟ. ನಮ್ಮ ಮನೆ ಗ್ರೂಪ್‌ನಲ್ಲಿ ಇದೇ ಜಗಳ. ಅಜ್ಜಿ ಹೆಸರು ಎತ್ತಿದರೆ "ಗಾಜಾದ ಮಕ್ಕಳು ಕಾಣೋದಿಲ್ವಾ" ಅಂತಾರೆ.

ಉತ್ತರ (ಮಂಗಳೂರು):
ಕಾಣುತ್ತಾರೆ ಅಕ್ಕಾ, ಅಳುವೂ ಬರುತ್ತದೆ. ಅದಕ್ಕೂ ಅಜ್ಜಿಗೆ ಫೋನ್ ಮಾಡೋದಕ್ಕೂ ವೈರ ಇಲ್ಲ. ಅಲ್ಲಿನವರೇ ಒಂದೇ ಮಾತಲ್ಲಿ ಇಲ್ಲ. ಯುದ್ಧ ನಿಲ್ಲಿಸಿ, ಒತ್ತೆಯಾಳುಗಳನ್ನು ಕರೆತನ್ನಿ ಅಂತ ಟೆಲ್ ಅವೀವ್‌ನಲ್ಲಿ ಶನಿವಾರ ರಾತ್ರಿ ಸಾವಿರಾರು ಜನ ಬೀದಿಗೆ ಇಳಿಯುತ್ತಿದ್ದರು. ನಾನಿದ್ದ ಮನೆಯಲ್ಲೇ ಮಗ ಒಂದು ಕಡೆ, ಅಳಿಯ ಒಂದು ಕಡೆ. ನಾನು ಎರಡೂ ಕಡೆ ಸೇರಲಿಲ್ಲ, ಚಹಾ ಕೊಟ್ಟೆ. ಗ್ರೂಪ್‌ನಲ್ಲಿ ಉತ್ತರ ಕೊಡೋದು ಬಿಡಿ.

ಉತ್ತರ (ಕಾರ್ಕಳ):
ಹೇಳಬಾರದು, ಆದರೂ ತಿಳಿದಿರಲಿ. ನಾನು ನೋಡಿಕೊಂಡ ಅಜ್ಜ ಯುದ್ಧದ ನಡುವೆಯೇ ತೀರಿಕೊಂಡರು, ವಯಸ್ಸಾಗಿತ್ತು. ವಿಮಾನ ಇರಲಿಲ್ಲ. ಮನೆಯವರು ಏಳು ದಿನ ಮನೆಯಲ್ಲೇ ಕೂತು ದುಃಖ ಆಚರಿಸುತ್ತಾರೆ, ಅದಕ್ಕೆ ಶಿವಾ ಕೂರೋದು ಅಂತಾರೆ. ಹೂವು ಕಳಿಸುವ ಪದ್ಧತಿ ಅವರಲ್ಲಿಲ್ಲ. ಮಗಳಿಗೆ "ಮಿಶ್ತತೆಫೆತ್ ಬೆತ್ಸಾರೇಖ್" ಅಂದೆ, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ ಅಂತ. ಆಮೇಲೆ ಅಜ್ಜ ನನಗೆ ಹೀಬ್ರೂ ಕಲಿಸಲು ಹೋಗಿ ಬೈಯುತ್ತಿದ್ದದ್ದನ್ನು ಹೇಳಿದೆ. ಅವಳು ಸ್ಪೀಕರ್ ಹಾಕಿ ಕೂತವರಿಗೆಲ್ಲ ಕೇಳಿಸಿದಳು, ಮತ್ತೆ ಹೇಳು ಅಂದಳು. ಅದಕ್ಕೇ ಹೇಳಿದ್ದು, ಅಜ್ಜಿಯ ಹಳೇ ಫೋಟೊ, ವಾಯ್ಸ್ ಯಾವುದನ್ನೂ ಡಿಲೀಟ್ ಮಾಡಬೇಡಿ. ಅವರ ಮನೆಯಲ್ಲೂ ಇಲ್ಲದ್ದು ನಿಮ್ಮ ಹತ್ತಿರ ಇರಬಹುದು.