ಕೋಲಾರ ಕಡೆ ಬೋರ್ ನಂಬ್ಕೊಂಡು ಜಮೀನು ತಗೋಬೋದಾ? ಅನುಭವ ಇರೋರು ಹೇಳಿ

ಕೋಲಾರ ತಾಲೂಕಲ್ಲಿ ಎರಡೆಕರೆ ನೋಡಿದೀವಿ. ಬೋರು 1,150 ಅಡಿ, ಎರಡಿಂಚು ನೀರು. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿಂದ ಶುದ್ಧ ಮಾಡಿ ಇಲ್ಲಿನ ಕೆರೆಗಳಿಗೆ ಬಿಡೋದು) ಬಂದ್ಮೇಲೆ ಇಲ್ಲಿ ಬರಾನೇ ಇಲ್ಲ ಅಂತಾರೆ ಮಾರೋರು. ಇಪ್ಪತ್ತು ವರ್ಷ ಬರತ್ತಾ? ಕುಡಿಯೋಕಾಗತ್ತಾ?

— ನಾವು ಅಲ್ಲಿಯವರೇ ಸಾರ್. ತಾತನ ಬಾವಿ ನಲವತ್ತಡಿ, ಎತ್ತು ಕಟ್ಟಿ ನೀರೆತ್ತೋ ಕಪಿಲೆ ಹೊಡೀತಿದ್ರಂತೆ, ಈಗ ಅದ್ರೊಳಗೆ ಜಾಲಿ ಬೆಳೆದಿದೆ. ಆಮೇಲೆ ಕೊರೆಸಿದ್ದು ಐದು ಬೋರು, ಮೂರರಲ್ಲಿ ಬರೀ ಧೂಳು. ಕೆಳಗಡೆ ಗಟ್ಟಿ ಕಲ್ಲು, ನೀರು ಅದರ ಬಿರುಕಲ್ಲಿ ಮಾತ್ರ, ಹಾಗಾಗಿ ಪಕ್ಕದ ತೋಟದಲ್ಲಿ ಬಂತು ಅಂತ ನಿಮಗೂ ಬರತ್ತೆ ಅನ್ನೋಹಾಗಿಲ್ಲ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಿಟ್ಮೇಲೆ ಕೆರೆಯಿಂದ ಕೆರೆಗೆ ಹರಿದು ನಮ್ಮ ಸತ್ತ ಬೋರೊಂದಕ್ಕೆ ಜೀವ ಬಂದಿದ್ದು ನಿಜ, ಸುಳ್ಳು ಹೇಳಲ್ಲ. ಆದ್ರೆ ಅದು ಬೆಂಗಳೂರಿನ ಚರಂಡಿ ನೀರನ್ನ ಎರಡು ಹಂತ ಶುದ್ಧ ಮಾಡಿ ಪಂಪ್ ಮಾಡೋದು, ಆ ವರ್ಷವೇ ನೊರೆ ಬಂದು ಹೈಕೋರ್ಟು ಕೆಲಕಾಲ ನಿಲ್ಲಿಸಿತ್ತು. ಅಲ್ಲಿ ಪಂಪ್ ನಿಂತ್ರೆ ಇಲ್ಲಿ ನಿಮ್ಮ ಲೆಕ್ಕ ಏನು?

ಅರ್ಧ ಗಂಟೆ ಮೋಟ್ರು ಆನ್ ಮಾಡಿ ತೋರಿಸಿದ್ರೆ ನಂಬ್ಬೇಡಿ. ಏಪ್ರಿಲಲ್ಲಿ ಬೆಳಗಿಂದ ಸಂಜೆವರೆಗೂ ಓಡಿಸಿ. ನಮ್ದು ಮೊದಲ ಗಂಟೆ ಪೈಪ್ ತುಂಬ ಬರ್ತಿತ್ತು, ಮಧ್ಯಾಹ್ನ ಎರಡು ಗಂಟೆಗೆ ಬುಸ್‌ಬುಸ್ ಅಂತ ಗಾಳಿ. ನಿಲ್ಲಿಸಿದ್ಮೇಲೆ ನೀರು ಎಷ್ಟೊತ್ತಿಗೆ ಮೊದಲಿನ ಮಟ್ಟಕ್ಕೆ ಏರತ್ತೆ ನೋಡಿ, ಅಸಲಿ ವಿಷಯ ಅಲ್ಲಿದೆ. ಯುಗಾದಿಗೊಂದ್ಸಲ ದೀಪಾವಳಿಗೊಂದ್ಸಲ ನೀರಿನ ಮಟ್ಟ ಅಳೆದು ಬರೆದಿಟ್ರೆ ಇಳೀತಿದ್ಯಾ ಅಂತ ನಾಲ್ಕು ವರ್ಷದಲ್ಲಿ ಗೊತ್ತಾಗತ್ತೆ. ಅಂತರ್ಜಲ ಇಲಾಖೆಯವರು ನಿಗಾ ಬಾವಿಗಳ ಮಟ್ಟ ಅಳೀತಾರೆ, ಹತ್ತಿರದ್ದು ಯಾವ್ದು ಅಂತ ಅಲ್ಲೂ ಕೇಳಿ.

— ಕುಡಿಯೋ ವಿಷಯಕ್ಕೆ ನಾನು ಹೇಳ್ತೀನಿ, ನೀರಿನ ಲ್ಯಾಬಲ್ಲಿ ಇದ್ದೆ. ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಒಟ್ಟು ಲೆಕ್ಕ) ಮೀಟರ್ ಹಿಡ್ಕೊಂಡು ಬರೋರ ಮಾತು ಕೇಳ್ಬೇಡಿ, ಅದಕ್ಕೆ ಫ್ಲೋರೈಡ್ ಕಾಣಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಮಕ್ಕಳ ಹಲ್ಲಿಗೆ ಕಂದು ಕಲೆ, ಜಾಸ್ತಿ ಆದ್ರೆ ಮೂಳೆಗೂ ಹೊಡೆತ. ಕುದಿಸಿದ್ರೆ ಕಮ್ಮಿ ಆಗಲ್ಲ, ನೀರು ಆವಿಯಾಗಿ ಉಳಿದಿದ್ರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿಯಾಗತ್ತೆ. ಆಳದ ನೀರು ಕಲ್ಲಿನ ಜೊತೆ ವರ್ಷಗಟ್ಟಲೆ ಇರೋದ್ರಿಂದ ಈ ಕಾಟ. ನೈಟ್ರೇಟ್ (ಲೀಟರಿಗೆ 45 ಮಿಲಿಗ್ರಾಂ ಒಳಗಿರ್ಬೇಕು) ಮಾತ್ರ ಮೇಲಿಂದ ಇಳಿಯೋದು, ತಿಪ್ಪೆ, ಗೊಬ್ಬರ, ಶೌಚಗುಂಡಿ. ಯುರೇನಿಯಂ, ಇ-ಕೋಲಿ (ಮಲದಿಂದ ಸೇರೋ ಬ್ಯಾಕ್ಟೀರಿಯಾ) ಪರೀಕ್ಷೆನೂ ಮಾಡಿಸಿ. ಹತ್ತು ನಿಮಿಷ ಮೋಟ್ರು ಓಡಿಸಿ, ಬಾಟಲಿನ ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ. ಇ-ಕೋಲಿಗೆ ಮಾತ್ರ ಲ್ಯಾಬವರೇ ಬೇರೆ ಬಾಟಲಿ ಕೊಡ್ತಾರೆ, ಅದನ್ನ ತೊಳೀಬಾರ್ದು.

— ಕೇಳಿದವನೇ ನಾನು. ದಿನಪೂರ್ತಿ ಮೋಟ್ರು ಓಡಿಸ್ಬೇಕು ಅಂದೆ, ಕರೆಂಟ್ ಇರಲ್ಲ ಅಂದ್ರು ಮಾರೋರು.

— ಜನರೇಟರ್ ಬಾಡಿಗೆಗೆ ಸಿಗತ್ತೆ ಅನ್ನಿ, ಮುಖ ನೋಡಿ.