ನಿಂತಲ್ಲಿ ನಡುಗುವ ಹಳೇ ಜಿಪ್ಸಿ, ಸುತ್ತ ಪೆಟ್ರೋಲ್ ವಾಸನೆ: ಹೊಸ ಕಾರ್ಬುರೇಟರ್ ಹಾಕಿಸಲೇಬೇಕಾ?

ಪ್ರಶ್ನೆ (ಕಾಫಿ ಬೆಳೆಗಾರರು, ಸಕಲೇಶಪುರದ ಕಡೆ):
ಅಣ್ಣಾ, ನಮ್ಮದು 1993ರ ಮಾರುತಿ ಜಿಪ್ಸಿ, 970 ಸಿಸಿ, ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್‌ಗೆ ಕೊಡೋದು) ಇರೋ ಗಾಡಿ. ಅಪ್ಪ ತಗೊಂಡಿದ್ದು. ಹಿಂದಿನ ಸೀಟು ಬಿಚ್ಚಿಟ್ಟು ಪಿಕಪ್ ಥರಾನೇ ಓಡಿಸ್ತೀವಿ. ಗೊಬ್ಬರ, ಮೆಣಸಿನ ಚೀಲ, ಸ್ಪ್ರೇ ಪಂಪು, ಎಲ್ಲ ಅದರಲ್ಲೇ. ನಾಲ್ಕು ತಿಂಗಳಿಂದ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡೋದು) ನಿಲ್ತಾ ಇಲ್ಲ. ರಸ್ತೇಲಿ ಓಡುವಾಗ ಪರವಾಗಿಲ್ಲ, ತೋಟದ ಗೇಟ್ ಹತ್ತಿರ ನಿಲ್ಲಿಸಿದ್ರೆ ಗಾಡಿ ಪೂರ್ತಿ ಅಲುಗಾಡಿ ಆಫ್ ಆಗುತ್ತೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದ್ರೆ ಸ್ಟಾರ್ಟೇ ಆಗಲ್ಲ. ಲೀಟರಿಗೆ 11 ಕೊಡ್ತಿದ್ದದ್ದು ಈಗ 6. ಒಂದು ಗ್ಯಾರೇಜಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸಿದ್ರು, ಇನ್ನೊಂದರಲ್ಲಿ ಮೂರು ಸಲ ಟ್ಯೂನಿಂಗ್ ಮಾಡಿದ್ರು. ವಾರ ಸರಿ ಇರುತ್ತೆ, ಮತ್ತೆ ಅದೇ. ಈಗ ಹೊಸ ಕಾರ್ಬುರೇಟರ್ ಹಾಕಿಸಿ ಅಂತಿದ್ದಾರೆ. ಹಾಕಿಸಲಾ?

ಉತ್ತರ (ಮೆಕ್ಯಾನಿಕ್, ಕಾರ್ಬುರೇಟರ್ ಕೆಲಸದಲ್ಲಿ 30 ವರ್ಷ):
ಸದ್ಯಕ್ಕೆ ಬೇಡ. ಸ್ಕ್ರೂಡ್ರೈವರ್ ಕೂಡ ಮುಟ್ಟಬೇಡಿ. ಮೊದಲು ಹೇಳಿ, ಬಿಚ್ಚಿದ ಹಳೇ ಪ್ಲಗ್ ನೋಡಿದ್ರಾ? ನಾಲ್ಕೂ ಮಸಿ ಹಿಡಿದು ಒದ್ದೆಯಾಗಿದ್ವಾ, ಇಲ್ಲ ಒಂದು ಮಾತ್ರವಾ? ಒಂದೇ ಒದ್ದೆ ಇದ್ರೆ ಆ ಸಿಲಿಂಡರ್‌ಗೆ ಕರೆಂಟ್ ಸರಿಯಾಗಿ ಬರ್ತಿಲ್ಲ, ಇಲ್ಲ ಕಂಪ್ರೆಷನ್ ಹೋಗಿದೆ. ಮಲೆನಾಡಿನ ಮಳೇಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ತೇವ ಕೂರೋದು ಸಾಮಾನ್ಯ, ಅದು ಬೇರೆ ದಾರಿ. ನಾಲ್ಕೂ ಒದ್ದೆ ಇದ್ರೆ ಎಲ್ಲ ಸಿಲಿಂಡರ್‌ಗೂ ಪೆಟ್ರೋಲ್ ಜಾಸ್ತಿ ಹೋಗ್ತಿದೆ.

ಇನ್ನೊಂದು. ಈ ತೊಂದರೆ ಶುರುವಾಗೋಕೆ ಮುಂಚೆ ಗಾಡೀಲಿ ಏನು ಕೆಲಸ ಮಾಡಿಸಿದ್ರಿ? ನೆನಪು ಮಾಡ್ಕೊಳ್ಳಿ.

ಕೇಳಿದವರು:
ನಾಲ್ಕೂ ಕಪ್ಪಗೆ ಒದ್ದೆ ಇದ್ವು ಅಣ್ಣಾ. ಬೇಸಿಗೇಲಿ ಗಾಡಿಯ ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಹರಿದಿತ್ತು. ಎಂಜಿನ್ ಪಕ್ಕದ ಹಳೇ ಪಂಪ್ ತೆಗೆದು ಎಲೆಕ್ಟ್ರಿಕ್ ಪಂಪ್ ಹಾಕಿದ್ರು. ಐಡ್ಲಿಂಗ್ ಕೆಟ್ಟದ್ದು ಅದಾದ ಮೇಲೇ.

ಉತ್ತರ:
ಅಲ್ಲೇ ಇದೆ ಅನಿಸುತ್ತೆ. ಆದ್ರೂ ಕಣ್ಣಾರೆ ನೋಡದೆ ಯಾವ ಸಾಮಾನಿಗೂ ದುಡ್ಡು ಹಾಕಬೇಡಿ.

ನಿಮ್ಮ ಗಾಡೀಲಿ ಕಂಪನಿಯಿಂದ ಬಂದ ಪಂಪಿಗೆ ಮೂರು ಪೈಪ್. ಒಂದು ಟ್ಯಾಂಕಿಂದ ಬರೋದು, ಒಂದು ಕಾರ್ಬುರೇಟರ್‌ಗೆ ಹೋಗೋದು, ಮೂರನೇದು ಹೆಚ್ಚಾದ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಹೋಗೋದು. ಅಂಗಡೀಲಿ ಸಿಗೋ ಎಲೆಕ್ಟ್ರಿಕ್ ಪಂಪಿಗೆ ಎರಡೇ ಬಾಯಿ, ತಳ್ಳೋ ಒತ್ತಡಾನೂ ಜಾಸ್ತಿ ಇರಬಹುದು. ಕಾರ್ಬುರೇಟರ್‌ಗೆ ಪೆಟ್ರೋಲ್ ಬರೋ ಬಾಯಲ್ಲಿ ಒಂದು ನೀಡಲ್ ಇದೆ. ಒಳಗಿನ ಪುಟ್ಟ ಪೆಟ್ರೋಲ್ ತೊಟ್ಟೀಲಿ (ಫ್ಲೋಟ್ ಚೇಂಬರ್) ತೇಲೋ ಫ್ಲೋಟ್ ಮೇಲೆದ್ದಾಗ ಅದು ಬಾಯಿ ಮುಚ್ಚಬೇಕು. ಒತ್ತಡ ಹೆಚ್ಚಾದ್ರೆ ಫ್ಲೋಟ್ ಎಷ್ಟೇ ಎತ್ತಿ ಹಿಡಿದ್ರೂ ನೀಡಲ್ ಸೋಲುತ್ತೆ. ಓಡುವಾಗ ಎಂಜಿನ್ ಅಷ್ಟನ್ನೂ ಕುಡಿಯುತ್ತೆ, ಅದಕ್ಕೇ ರಸ್ತೇಲಿ ನಿಮಗೆ ಗೊತ್ತಾಗಲ್ಲ. ನಿಂತಾಗ ಕುಡಿಯೋದು ಕಡಿಮೆ, ಹೆಚ್ಚಿದ್ದು ಉಕ್ಕಿ ಗಂಟಲಿಗೆ ಸುರಿಯುತ್ತೆ.

ನೋಡೋದು ಹೀಗೆ. ಎಂಜಿನ್ ತಣ್ಣಗಾಗಿರಲಿ, ಗಾಡಿ ಬಯಲಲ್ಲಿರಲಿ, ಹತ್ತಿರ ಬೀಡಿ ಬೆಂಕಿ ಇರಬಾರದು. ಏರ್ ಕ್ಲೀನರ್ ತೆಗೆದಿಟ್ಟು, ಚೋಕ್ ಕೇಬಲ್ ಒಳಗೆ ತಳ್ಳಿದಾಗ ಚೋಕ್ ತಗಡು (ಗಾಳಿ ಬರೋ ಬಾಯಿ ಮುಚ್ಚೋದು) ನೆಟ್ಟಗೆ ನಿಲ್ಲುತ್ತಾ ನೋಡಿ. ಅದು ಅರ್ಧ ಮುಚ್ಚಿಕೊಂಡಿದ್ರೂ ಇದೇ ಲಕ್ಷಣ ಬರುತ್ತೆ. ಆಮೇಲೆ ಫ್ಲೋಟ್ ಚೇಂಬರ್ ಮುಂದಿರೋ ಸಣ್ಣ ಗಾಜು ಒರೆಸಿ. ಅದರ ನಡುವೆ ಗುಂಡಗಿನ ಗುರುತಿದೆ, ಪೆಟ್ರೋಲ್ ಮಟ್ಟ ಅಲ್ಲಿರಬೇಕು. ಈಗ ಒಬ್ಬರು ಕೀ ಆನ್ ಮಾಡಲಿ, ಸೆಲ್ಫ್ ಹೊಡೀಬಾರದು. ನೀವು ಟಾರ್ಚ್ ಹಿಡಿದು ಕಾರ್ಬುರೇಟರ್ ಗಂಟಲೊಳಗೆ ನೋಡಿ. ನಡುವೆ ಚಾಚಿಕೊಂಡಿರೋ ಕೊಳವೆ ಒಣಗಿರಬೇಕು. ಐಡ್ಲಿಂಗಲ್ಲೂ ಅಲ್ಲಿಂದ ಪೆಟ್ರೋಲ್ ಬರಬಾರದು, ಐಡ್ಲಿಂಗ್ ಪೆಟ್ರೋಲ್ ಬರೋದು ಕೆಳಗೆ ಥ್ರಾಟಲ್ ತಗಡಿನ (ಆಕ್ಸಿಲರೇಟರ್ ಒತ್ತಿದಾಗ ತೆರೆಯೋದು) ಹತ್ತಿರದ ಸಣ್ಣ ತೂತಿಂದ. ಟ್ಯೂನಿಂಗಲ್ಲಿ ತಿರುಗಿಸೋ ಮಿಕ್ಸ್ಚರ್ ಸ್ಕ್ರೂ ಹಿಡಿದಿರೋದು ಆ ತೂತನ್ನ ಮಾತ್ರ. ಮೇಲಿನ ಕೊಳವೆ ತೊಟ್ಟಿಕ್ಕುತ್ತಿದ್ರೆ ಸ್ಕ್ರೂ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ. ನಿಮ್ಮ ಮೂರು ಟ್ಯೂನಿಂಗ್ ದುಡ್ಡು ಹೋಗಿದ್ದು ಹಾಗೆ. ನಂಗೆ ಬೇಜಾರಾಗೋದು ಅದಕ್ಕೇ.

ಕೊನೇ ಪರೀಕ್ಷೆ. ಸ್ಟಾರ್ಟ್ ಮಾಡಿ, ಐಡ್ಲಿಂಗಲ್ಲಿ ನಡುಗ್ತಾ ಇರುವಾಗಲೇ ಪಂಪಿನ ವೈರ್ ತೆಗೀರಿ. ಕಿಡಿ ಹಾರಬಾರದು, ಫ್ಯೂಸ್ ಇದ್ರೆ ಅದನ್ನೇ ಕೀಳಿ. ಚೇಂಬರಲ್ಲಿರೋ ಪೆಟ್ರೋಲ್ ಮೇಲೆ ಎಂಜಿನ್ ಸ್ವಲ್ಪ ಹೊತ್ತು ಓಡುತ್ತೆ. ಮಟ್ಟ ಇಳೀತಾ ಐಡ್ಲಿಂಗ್ ನಯವಾದ್ರೆ ಅನುಮಾನವೇ ಬೇಡ.

ಸದಸ್ಯರೊಬ್ಬರು:
ಅಣ್ಣಾ, ಇದು ಇ20 (ಶೇಕಡ 20 ಎಥನಾಲ್ ಬೆರೆಸಿದ) ಪೆಟ್ರೋಲಿನ ಕಾಟ ಅಲ್ವಾ? ನಮ್ಮ ಓಮ್ನೀದೂ ಇದೇ ಗೋಳು.

ಉತ್ತರ:
2023ರ ಫೆಬ್ರವರೀಲಿ ಬೆಂಗಳೂರಲ್ಲಿ ಇ20 ಬಿಡುಗಡೆ ಆದಾಗಿಂದ ಎಲ್ಲ ಕಾಯಿಲೆಗೂ ಜನ ಅದನ್ನೇ ಬೈತಾರೆ. ಎಥನಾಲ್ ಒಳಗೇ ಆಮ್ಲಜನಕ ಇದೆ, ಹಾಗಾಗಿ ಅದೇ ಜೆಟ್ಟಲ್ಲಿ (ಪೆಟ್ರೋಲ್ ಅಳೆದು ಬಿಡೋ ತೂತು) ಮಿಶ್ರಣ ತೆಳುವಾಗುತ್ತೆ, ದಪ್ಪ ಆಗಲ್ಲ, ಅಂದ್ರೆ ಪೆಟ್ರೋಲ್ ಹೆಚ್ಚಾದ ಹಾಗೆ ಆಗಲ್ಲ. ಕಪ್ಪು ಹೊಗೆಗೆ ಅದು ನೇರ ಕಾರಣ ಅಲ್ಲ. ಆದ್ರೆ ಹಳೇ ರಬ್ಬರ್‌ಗೆ ಅದು ಆಗಿಬರಲ್ಲ. ಹೋಸ್ ಉಬ್ಬುತ್ತೆ, ಡಯಾಫ್ರಮ್ ಕೆಡುತ್ತೆ, ಚೂರು ಕಿತ್ತು ಬಂದು ನೀಡಲ್ ಕೆಳಗೆ ಕೂರುತ್ತೆ. ಹಳೇ ಕಾರ್ಬುರೇಟರ್ ಗಾಡಿ ಇಟ್ಕೊಂಡವರು ಪೆಟ್ರೋಲ್ ಹೋಸ್ ಅಷ್ಟನ್ನೂ ಎಥನಾಲ್ ತಡೆಯೋದಕ್ಕೆ ಬದಲಿಸಿ, ಫಿಲ್ಟರ್ ಹೊಸದು ಹಾಕಿ.

ಕೇಳಿದವರು (ಎರಡು ದಿನ ಬಿಟ್ಟು):
ಅಣ್ಣಾ, ನೀವು ಹೇಳಿದ ಹಾಗೇ ನೋಡಿದೆ. ಚೋಕ್ ಸರಿ ಇದೆ. ಗಾಜಲ್ಲಿ ಗುರುತೇ ಕಾಣಲ್ಲ, ಪೂರ್ತಿ ಮುಳುಗಿತ್ತು. ತಮ್ಮ ಕೀ ಆನ್ ಮಾಡಿದ, ಪಂಪ್ ಟಕ್ ಟಕ್ ಅನ್ನೋಕೆ ಶುರು ಆಯ್ತು, ನಿಲ್ಲಲೇ ಇಲ್ಲ. ಕೊಳವೆ ತುದೀಲಿ ಒಂದು ಹನಿ ದಪ್ಪ ಆಗಿ ಬಿತ್ತು, ಹಿಂದೇನೇ ಇನ್ನೊಂದು. ಸ್ಟಾರ್ಟ್ ಮಾಡಿ ವೈರ್ ತೆಗೆದೆ. ಒಂದು ನಿಮಿಷ ಆಗಿರಬಹುದು, ಗೇರ್ ಲಿವರ್ ನಡುಗೋದು ನಿಂತುಹೋಯ್ತು! ಆಮೇಲೂ ಸ್ವಲ್ಪ ಹೊತ್ತು ಸೊಗಸಾಗಿ ಓಡಿ ಆಫ್ ಆಯ್ತು. ನಾಲ್ಕು ತಿಂಗಳಾಗಿತ್ತು ಆ ಸದ್ದು ಕೇಳಿ. ವಾಪಸ್ ಹೋಗೋ ಪೈಪಿನ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಹಾಕಿಬಿಟ್ಟಿದ್ದಾರೆ.

ಉತ್ತರ:
ಚೇಂಬರ್ ತುಂಬಿದ ಮೇಲೆ ಆ ಟಕ್ ಟಕ್ ನಿಧಾನ ಆಗಬೇಕು. ಆಗಲಿಲ್ಲ ಅಂದ್ರೆ ಪೆಟ್ರೋಲ್ ಎಲ್ಲೋ ಹೋಗ್ತಾನೇ ಇದೆ ಅಂತ ಅರ್ಥ.

ಎಲೆಕ್ಟ್ರಿಕ್ ಪಂಪ್ ತೆಗೆಸಿ, ಮೂರು ಪೈಪಿನ ಹಳೇ ಥರದ ಪಂಪೇ ಹಾಕಿಸಿ, ವಾಪಸ್ ಪೈಪ್ ಟ್ಯಾಂಕಿನವರೆಗೂ ಊದಿ ಸ್ವಚ್ಛ ಮಾಡಿಸಿ. ಅಪಘಾತ ಆಗಿ ಎಂಜಿನ್ ನಿಂತ್ರೂ ಕೀ ಆನ್ ಇರೋವರೆಗೂ ಈ ಎಲೆಕ್ಟ್ರಿಕ್ ಪಂಪ್ ಪೆಟ್ರೋಲ್ ಸುರೀತಾನೇ ಇರುತ್ತೆ, ನಂಗೆ ಹೆದರಿಕೆ ಅದೇ. ಇಷ್ಟು ದಿನ ಒತ್ತಡ ತಡೆದ ನೀಡಲ್ ತುದೀಲಿ ಬಳೆ ಥರ ಗೆರೆ ಬಿದ್ದಿರುತ್ತೆ. ನೀಡಲ್ಲೂ ಸೀಟೂ ಜೋಡಿಯಾಗಿ ಬದಲಿಸಿ, ರಿಪೇರಿ ಕಿಟ್ಟಲ್ಲಿ ಎರಡೂ ಬರುತ್ತೆ. ಫ್ಲೋಟ್ ಬಿಚ್ಚಿದಾಗ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದ್ರೆ ಅದೂ ತೂತು. ಗಾಜಿನ ಗುರುತಿಗೆ ಮಟ್ಟ ಬಂದ ಮೇಲೇ ಮಿಕ್ಸ್ಚರ್ ಸ್ಕ್ರೂ ಮುಟ್ಟಿ, ಐಡ್ಲಿಂಗ್ 800ರಿಂದ 900 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಒಳಗೆ ನಿಲ್ಲಿಸಿ.

ಎಂಜಿನ್ ಆಯಿಲ್ ಅಳೆಯೋ ಡಿಪ್ ಸ್ಟಿಕ್ ಎಳೆದು ಮೂಸಿ ನೋಡಿದ್ರಾ?

ಕೇಳಿದವರು:
ಈಗ ನೋಡಿದೆ. ಪೆಟ್ರೋಲ್ ವಾಸನೆ. ಮಟ್ಟ ಮೇಲಿನ ಗೆರೆ ದಾಟಿದೆ, ಬೆರಳಿಗೆ ನೀರಿನಷ್ಟು ತೆಳು.

ಉತ್ತರ:
ಹಾಗಾದ್ರೆ ಉಕ್ಕಿದ ಪೆಟ್ರೋಲ್ ಆಯಿಲಿಗೂ ಇಳಿದಿದೆ. ಇವತ್ತಿಂದ ಗಾಡಿ ಓಡಿಸಬೇಡಿ, ಗ್ಯಾರೇಜಿಗೂ ಟೋ ಮಾಡಿಸಿಕೊಂಡೇ ಹೋಗಿ. ಆ ಆಯಿಲಲ್ಲಿ ಘಾಟಿ ಹತ್ತಿಸಿದ್ರೆ ಬೇರಿಂಗ್ ಹೋಗುತ್ತೆ. ಪಂಪ್, ನೀಡಲ್ ಕೆಲಸ ಮುಗಿದ ಮೇಲೆ ಆಯಿಲ್ಲೂ ಆಯಿಲ್ ಫಿಲ್ಟರೂ ಬದಲಿಸಿ, 500 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಿಸಿ. ಆಮೇಲೆ ಪ್ಲಗ್ ಬಿಚ್ಚಿ ಫೋಟೋ ಹಾಕಿ. ತುದಿ ಕಾಫಿಪುಡಿ ಬಣ್ಣಕ್ಕೆ ಬಂದಿರಬೇಕು.